ಗಡ್ಡೆ

ಬೈತಖೋಲದ ಫ್ಯಾಕ್ಟರಿಯಲ್ಲಿ
ಐಸ್‌ಗಡ್ಡೆ ಹೊರುವ ಜಟ್ಟಿ ಹರಿಕಂತ್ರ
ಅಂಗಿ ಬಿಚ್ಚಿ ನಕ್ಕ:
"ಇದೂ ಒಂದು ಗಡ್ಡೆ. ಕರಗೂದಿಲ್ಲ ನೋಡಿ."

ಎಡಗಡೆ, ಐದನೇ ಪಕ್ಕೆಲುಬಿನ ಮೇಲೆ
ಬಂಗಡೆಯ ಬೆನ್ನಿನ ನೀಲಿ.
ಒತ್ತಿದೆ, ಇಳಿಯಿತು.
ಬೆರಳೆತ್ತಿದೆ:
ಕಾಳಿಯ ಅಳಿವೆಗೆ ಭರತ ಬಂದ ಹಾಗೆ
ಸಾವಕಾಶ ತುಂಬಿತು.

ಸದಾಶಿವಗಡದಲ್ಲಿ ಯಾರೋ
ಕೀವೆಂದು ಸೂಜಿ ಕಾಯಿಸಿದ್ದರಂತೆ.
ಹೆಂಡತಿ ಸೋಮಿ ಆ ಕೈಯನ್ನೇ ಹಿಡಿದಳು:
"ಮೀನಿನ ಕಿವಿರು ದಿನಾ ನೋಡ್ತೆ ನಾನು.
ಇದು ಕೀವಲ್ಲ, ನೆತ್ತರು."
ನಮ್ಮ ಸ್ಕ್ಯಾನು ಹೇಳಿದ್ದೂ ಅಷ್ಟೇ,
ಎರಡು ವಾರ ತಡವಾಗಿ.

ಮೇಜಿನ ಮೇಲೆ ಅವಸರ ಕೂಡದು.
ಗಡ್ಡೆಗೆ ಉಣಿಸುವ ಒಂದೊಂದು ನಾಳಕ್ಕೂ
ಮೊದಲು ರೇಷ್ಮೆಯ ಗಂಟು,
ಆಮೇಲೆ ಚೂರಿ.
ಒಂದು ಗಂಟು ಜಾರಿತು,
ನನ್ನ ಕನ್ನಡಕ ಕೆಂಪಾಯಿತು.
ಸಿಸ್ಟರ್ ಫಿಲೋಮಿನಾ ಬೆರಳೊತ್ತಿ ನಿಂತರು,
ಏನೂ ಹೇಳದೆ, ನಾಲ್ಕು ನಿಮಿಷ.

ಎರಡಂಗುಲ ಎಲುಬೂ ಬಂತು ಜೊತೆಗೆ.

ಹುಬ್ಬಳ್ಳಿಯಿಂದ ವರದಿ: ಹಿಮಾಂಜಿಯೋಮಾ.
ಕ್ಯಾನ್ಸರಲ್ಲ.
ಜಟ್ಟಿ ಎರಡು ಸಲ ಬಾಯಲ್ಲಿ ಹೊರಳಿಸಿದ,
"ಹೆಸರಲ್ಲೂ ಹಿಮವೇ ಬಂತಲ್ಲ!"

ಸೋಮಿ ನಗಲಿಲ್ಲ.
ತೆಗೆದ ಎಲುಬನ್ನು
ಎಲ್ಲಿ ಹಾಕಿದಿರಿ, ಕೇಳಿದಳು.