ಎರಡು ಬೆರಳು

ಹಲ್ಲಿನ ಸೆಟ್ಟು ಕಟ್ಟುವುದು ನನ್ನ ಕಸುಬು,
ಸದಾಶಿವ ಪೇಠೆಯ ಒಂದು ಮಾಳಿಗೆಯಲ್ಲಿ.
ಅರ್ಧ ಮಿಲಿಮೀಟರು ಎತ್ತರವಾದರೆ ಬಾಯಿ ಮುಚ್ಚುವುದಿಲ್ಲ,
ಅರ್ಧ ತಗ್ಗಿದರೆ ಮುಖ ಮುದುಡಿ
ಹತ್ತು ವರ್ಷ ಮುಪ್ಪು.
ಇಂಥವಳ ಕಾರು ನೆಲ ಬಿಟ್ಟು ಅಷ್ಟೆತ್ತರ
ಯಾಕೆ ನಿಂತಿದೆ ಅಂತ
ಒಂಬತ್ತು ವರ್ಷ ನಾನೇ ಕೇಳಿಕೊಂಡಿರಲಿಲ್ಲ.

ದಿಘಿಯಿಂದ ದಿನಾ ಹದಿನಾಲ್ಕು ಕಿಲೋಮೀಟರು.
ಬೂದಿ ಬಣ್ಣದ ವ್ಯಾಗನಾರ್,
ಕೆಸರಿಗೆ ಹೆದರಿ ಸೀರೆ ಎತ್ತಿ ಹಿಡಿದ
ಬೀಗಿತಿಯ ನಡಿಗೆ ಅದರದು.
ತಿರುವು ಬಂದರೆ ಸೊಂಟ ಒಂದು ಕಡೆ, ತಲೆ ಒಂದು ಕಡೆ.

ಸಂಗಮವಾಡಿಯಲ್ಲಿ ಒಂದು ಬೆಳಿಗ್ಗೆ
ರಿಕ್ಷಾ ಅಡ್ಡ ಬಂತು, ನಾನು ಎಳೆದೆ, ಅದು ವಾಲಿತು,
ಹಿಂದಿನ ಸೀಟಿನ ಡಬ್ಬಿ ಜಾರಿ ಬಿತ್ತು:
ನಿವೃತ್ತ ಸ್ಟೇಷನ್ ಮಾಸ್ತರ ಲಿಮಯೆಯವರ ಕೆಳದವಡೆ
ಪ್ಲಾಸ್ಟರಿನಲ್ಲಿ ಎರಡು ತುಂಡು.
ಮತ್ತೆ ಅಚ್ಚು ಕೊಡಲು ಬಂದವರು
ಬಾಯ್ತುಂಬ ಮೇಣ ಇಟ್ಟುಕೊಂಡೇ ಬೈದರು.
ಒಂದಕ್ಷರ ತಿಳಿಯಲಿಲ್ಲ. ತಪ್ಪು ಒಪ್ಪಿಕೊಂಡೆ.

ಭೋಸರಿಯಲ್ಲಿ, ಲೇತ್ ಮಶೀನುಗಳ ಕಿರುಚಾಟದ ನಡುವೆ
ಇಲಾಹಿ ಬಾಗವಾನರ ಶೆಡ್ಡು.
ನನ್ನ ಮರಾಠಿ ಕೇಳಿ, “ಯಾವೂರವರ್ರಿ ಬಾಯಾರ?”
“ಅಥಣಿ.”
“ನಂದು ಇಂಡಿ.”
ಬೆಲೆ ಇಳಿಯಲಿಲ್ಲ, ಚಹಾ ಮಾತ್ರ ದೊಡ್ಡ ಗ್ಲಾಸಿನಲ್ಲಿ ಬಂತು.

ಟೈರಿನ ಮೇಲಿನ ಸಂದಿಗೆ ಮುಷ್ಟಿ ತೂರಿಸಿ ನೋಡಿದರು:
“ಒಳಗ ಬೆಕ್ಕ ಮಲಗತೈತಿ ಇಲ್ಲಿ.
ಎರಡು ಬೆರಳು ಬಿಡ್ತೀನಿ. ಅದಕ್ಕಿಂತ ಕಡಿಮಿ ಬ್ಯಾಡ,
ಮಳಿಗಾಲ ಐತಿ, ಪುಣೆ ಐತಿ.”
ಅವರ ಎರಡು ಬೆರಳು ನನ್ನ ಮೂರು.
ಪರ್ಸಿನಿಂದ ಕ್ಯಾಲಿಪರ್ ತೆಗೆದು ಅಳೆದೆ.
ಹುಡುಗರು ಕೆಲಸ ಬಿಟ್ಟು ನಕ್ಕರು.

“ಇದ್ದ ಸ್ಪ್ರಿಂಗೇ ಕತ್ತರಿಸಿದರೆ ಅಗ್ಗವಂತಲ್ಲ?”
ಎಡಗೈ ಎತ್ತಿ ತೋರಿಸಿದರು.
ಉಂಗುರ ಬೆರಳು ನಡುಗೆಣ್ಣಿಗೇ ಮುಗಿದಿತ್ತು.
“ಅಗ್ಗದ್ದು ಇದು. ಹತ್ತೊಂಬತ್ತನೇ ವಯಸ್ಸಿನ್ಯಾಗ.”

ಮಧ್ಯಾಹ್ನ ಹಳೆಯದನ್ನು ಕೊಕ್ಕೆಗಳಲ್ಲಿ ಹಿಡಿದು
ಪಾನಾ ತಿರುವುತ್ತ ಅದುಮತೊಡಗಿದಾಗ
ಯಾರೋ ರೇಡಿಯೋ ಆರಿಸಿದರು.
ಒಂದೊಂದು ಸುತ್ತಿಗೂ ಎಲ್ಲರೂ ಅರ್ಧ ಹೆಜ್ಜೆ ಹಿಂದೆ,
ಬಾಗವಾನರು ಮಾತ್ರ ಮುಖ ವಾರೆ ಮಾಡಿ, ಹತ್ತಿರ.
ಹೊಸ ಸ್ಪ್ರಿಂಗು ಕೆಂಪು, ಗಿಡ್ಡ, ಬಿರುಸು;
ಜತೆಗೆ ಹೊಸ ಶಾಕಪ್ಸರ್, “ಇಲ್ಲಾಂದ್ರ ಗಾಡಿ ಕುಣೀತೈತಿ.”
ಹಳೆಯ ನಾಲ್ಕನ್ನೂ ಅಕ್ಕಿಚೀಲದಲ್ಲಿ ಕಟ್ಟಿ ಕೊಟ್ಟರು,
ನಾಳೆ ಮನಸ್ಸು ಬದಲಾದರೆ ಇರಲಿ ಅಂತ.

“ಮ್ಯಾಡಮ್, ಹವಾ ಕಡಿಮೆ,” ಅಂದ ವಾಚ್‌ಮನ್ ಧೋಂಡಿರಾಮ.
“ಗಾಡಿ ಕೂತುಬಿಟ್ಟಿತೇನೆ?” ಅಂದರು ಶೇವಡೆ ಕಾಕೂ.
ನಮ್ಮವರು ಸುತ್ತ ಒಂದು ಪ್ರದಕ್ಷಿಣೆ ಹಾಕಿ,
“ಮೂವತ್ತೊಂದು ಸಾವಿರ ಕೊಟ್ಟು
ಇದ್ದ ಗಾಡಿಯನ್ನ ಸಣ್ಣದು ಮಾಡಿಸಿಕೊಂಡು ಬಂದೆಯಾ?”

ಗೇಟಿನ ಹಂಪಿನ ಮೇಲೆ ಮೊದಲ ದಿನವೇ ಕರ್‍ರ್ ಅಂತು.
ಈಗ ಓರೆಯಾಗಿ ಹತ್ತಿಸುತ್ತೇನೆ, ಒಂದೊಂದೇ ಚಕ್ರ,
ಬಸ್ಸಿಳಿಯುವ ಅಜ್ಜಿಯ ಹಾಗೆ.
ಭಾನುವಾರ ಐದು ಮಂದಿ ಕೂತರೆ ಅದೂ ನಡೆಯುವುದಿಲ್ಲ:
ಎಲ್ಲರೂ ಇಳಿದು, ಹಂಪು ದಾಟಿ, ಮತ್ತೆ ಹತ್ತಬೇಕು.
ಅತ್ತೆ ಪ್ರತಿ ಸಲ ಚಪ್ಪಲಿ ಹುಡುಕುತ್ತಾರೆ,
ಧೋಂಡಿರಾಮ ಪ್ರತಿ ಸಲ ಸೆಲ್ಯೂಟ್ ಹೊಡೆಯುತ್ತಾನೆ.
ಕಾರು ಗೀಚಿದ ಬೆಳ್ಳಿಗೆರೆ
ಮಕ್ಕಳ ಲಗೋರಿಗೆ ಗಡಿಯಾಗಿದೆ.

ಆದರೆ ಸಂಗಮವಾಡಿ.
ಅದೇ ತಿರುವು, ಅದೇ ವೇಗ, ಬೇರೆ ರಿಕ್ಷಾ.
ಎಳೆದೆ. ಕಾರು ತಿರುಗಿತು, ಅಷ್ಟೇ.
ಹಿಂದೆ ಡಬ್ಬಿ ಇದ್ದಲ್ಲೇ ಇತ್ತು,
ಯಾರದೋ ಮೇಲಿನ ಸಾಲು, ಹದಿನಾಲ್ಕು ಹಲ್ಲು.
ಬದಲಿಗೆ ರಸ್ತೆಯ ಹೊಲಿಗೆ, ತೇಪೆ,
ಮುಚ್ಚಿದ್ದೇವೆಂದು ಪಾಲಿಕೆ ಬರೆದುಕೊಂಡ ಗುಂಡಿ,
ಒಂದೂ ಬಿಡದೆ ನನ್ನ ದವಡೆಗೆ ಬಂದು ಬಡಿಯುತ್ತವೆ.
ಇಷ್ಟು ದಿನ ಇವೆಲ್ಲ ಎಲ್ಲಿದ್ದವು?

ಬಾಲ್ಕನಿಯಲ್ಲಿ ಹಳೆಯ ಸ್ಪ್ರಿಂಗೊಂದರ ಮೇಲೆ
ಪುದೀನದ ಕುಂಡ ಇಟ್ಟಿದ್ದೇನೆ.
ಕೂದಲೆಳೆಯಷ್ಟೂ ಬಗ್ಗಿಲ್ಲ.

“ಹೊಸಾವು ಇನ್ನೊಂದು ಚೂರು ಕೂಡ್ತಾವು,
ಆಮ್ಯಾಲ ನಿಲ್ತಾವು,” ಅಂದಿದ್ದರು ಬಾಗವಾನರು.
ಸಂಜೆ ಕಾರು ನಿಲ್ಲಿಸಿ, ಯಾರೂ ಇಲ್ಲದಾಗ,
ಬಿಸಿ ಟೈರಿನ ಮೇಲೆ ಕೈ ತೂರಿಸುತ್ತೇನೆ.
ಮೂರು ಬೆರಳು ಇನ್ನೂ ಹೋಗುತ್ತವೆ.
ಮೂರನೆಯದು ಸ್ವಲ್ಪ ಬಿಗಿ.