ಬೆಕ್ಕಿನ ಲೆಕ್ಕಕ್ಕೆ

ವಿನೋಬನಗರದ ಮೂರನೇ ಮೇನ್‌ನಲ್ಲಿ ಕೂಗಿ ಕರೆದರು:
"ಗಾದಿಯವರೇ, ಬೆಕ್ಕು ಉಚ್ಚೆ ಹೊಯ್ದು ಹಾಳುಮಾಡಿದೆ,
ಒಂದು ದಿನ ಅಲ್ಲ, ಎರಡು ದಿನ ಅಲ್ಲ.
ಏನಾದರೂ ಮಾಡಿ, ಇಲ್ಲಾಂದ್ರೆ ಹೊರಗೆ ಎಸೀತೀನಿ."
ಗಾದಿಯನ್ನೋ ಬೆಕ್ಕನ್ನೋ ಅಂತ ನಾನು ಕೇಳಲಿಲ್ಲ.

ಸೈಕಲ್ ಗೋಡೆಗೊರಗಿಸಿ ಬಿಲ್ಲು ಇಳಿಸಿದೆ.
ಬಾಷಾನಗರದಿಂದ ಬರುವಾಗ
ಮಂಡಕ್ಕಿ ಭಟ್ಟಿಯ ಹೊಗೆ ಅಂಗಿಗೆ ಮೆತ್ತಿರುತ್ತದೆ,
ಆದರೂ ಮೂಗು ಹುಷಾರು.
ಅಪ್ಪ ಬಿಟ್ಟುಹೋದ ಆಸ್ತಿ
ಈ ಬಿಲ್ಲು, ಈ ಮೂಗು.
ಯಾವ ಗಾದಿಯಲ್ಲಿ ಬಾಣಂತಿ ಮಲಗಿದ್ದಳು,
ಯಾವುದರಲ್ಲಿ ಬೀಡಿ ಸೇದುವವನು,
ಯಾವುದರೊಳಗೆ ಯಾರೋ ದುಡ್ಡಿಟ್ಟು ಮರೆತಿದ್ದಾರೆ,
ಹೊಲಿಗೆ ಬಿಚ್ಚುವ ಮೊದಲೇ ಹೇಳಬಲ್ಲೆ.
(ದುಡ್ಡಿನ ಮಾತು ಸುಳ್ಳು. ಒಮ್ಮೆ ಸಿಕ್ಕಿತ್ತು, ಕೊಟ್ಟುಬಿಟ್ಟೆ.)

"ಫಿನಾಯಿಲ್ ಹಾಕಿದ್ದೀರಾ, ಸುಮಂಗಲಕ್ಕಾ?"
"ಹಾಕದೆ? ಪೂರಾ ಬಾಟಲಿ."
"ಹಾಕಬಾರದಿತ್ತು. ನಾತಕ್ಕೆ ನಾತ ಬೀಗರಾಗಿ
ಮನೆ ಸರ್ಕಾರಿ ಆಸ್ಪತ್ರೆ ಆಗ್ತದೆ.
ಬಿಸಿನೀರೂ ಬೇಡ, ಕಲೆ ಕಚ್ಚಿ ಕೂರ್ತದೆ.
ಗವಸು ತಣ್ಣೀರಲ್ಲಿ ನೆನೆಸಿ, ನಿಂಬೆಹಣ್ಣು ಹಿಂಡಿ,
ಹಿಂಡಿ ಹರವಿದ ಮೇಲೆ ಅಡಿಗೆ ಸೋಡಾ ಉದುರಿಸಿ
ಒಂದು ರಾತ್ರಿ ಅದರ ಪಾಡಿಗೆ ಬಿಡಿ.
ಉಜ್ಜಬೇಡಿ. ಉಜ್ಜಿದಷ್ಟೂ ಒಳಗಿಳೀತದೆ."

ತಾರಸಿಯ ಮೇಲೆ ಹೊಲಿಗೆ ಬಿಚ್ಚಿದೆ.

ಬೆಕ್ಕು ಅಂದರೆ ಮೂಲೆ. ಅಂಚು. ಬಾಗಿಲ ಹಿಂದೆ.
ಚೂರು ಹೊಯ್ದು ಬಾಲ ಎತ್ತಿ ಹೋಗುವ ಜಾತಿ.
ಅದರ ನಾತ ಮೂಗಿಗಿಂತ ಮೊದಲು ಕಣ್ಣಿಗೆ ಹೊಡೆಯುತ್ತದೆ.
ಇದು ನಟ್ಟನಡುವೆ.
ಒಂದರ ಮೇಲೊಂದು ಬಿದ್ದ ಹಳದಿ ಉಂಗುರಗಳು,
ಒಣಗಿ, ಮತ್ತೆ ನೆನೆದು, ಮತ್ತೆ ಒಣಗಿದ್ದು,
ಮೊಣಕಾಲು ಮಡಚಿ ಮಲಗುವ
ಯಾರದೋ ಸೊಂಟದ ಅಳತೆಗೆ ಸರಿಯಾಗಿ.

ತಲೆ ಎತ್ತಿದೆ.
ಮೆಟ್ಟಿಲ ತುದಿಯಲ್ಲಿ ಹನ್ನೊಂದರ ಹುಡುಗಿ,
ಶಾಲೆಯ ನೀಲಿ ಲಂಗ ಇನ್ನೂ ಬಿಚ್ಚಿಲ್ಲ,
ಬೆಕ್ಕನ್ನು ಅವುಚಿಕೊಂಡು ನಿಂತಿದ್ದಳು.
ಅದರ ಹಿಂಗಾಲುಗಳು ಜೋತಾಡುತ್ತಿದ್ದವು.
ಬೆಕ್ಕು ನನ್ನನ್ನು ನೋಡಿತು. ಅವಳು ಹತ್ತಿಯನ್ನು.

ಕೆಳಗಿನಿಂದ ತಾಯಿ: "ಗೊತ್ತಾಯ್ತಾ?"
"ಆಯ್ತಕ್ಕಾ. ಬೆಕ್ಕೇ. ಅನುಮಾನವೇ ಇಲ್ಲ."
ನಲವತ್ತು ವರ್ಷದ ಕಸುಬಿನ ಮೇಲೆ
ಆಣೆ ಇಟ್ಟವನ ದನಿಯಲ್ಲಿ ಹೇಳಿದೆ.

ಕೆಟ್ಟ ಹತ್ತಿ ಕಿತ್ತು ಬೇರೆ ಚೀಲಕ್ಕೆ ತುಂಬಿದೆ.
ಉಳಿದದ್ದನ್ನು ಬಿಸಿಲಿಗೆ ಹರವಿದೆ.
ದಾವಣಗೆರೆಯ ಮಾರ್ಚ್ ಬಿಸಿಲು
ಕಲ್ಲಿನ ಬೆವರನ್ನೂ ಕುಡಿದುಬಿಡುತ್ತದೆ.
ಮೂರು ಗಂಟೆಗೆ ಬಿಲ್ಲಿಗೆ ಕೊಟ್ಟೆ. ಠಂಯ್, ಠಂಯ್.
ಗಂಟುಗಟ್ಟಿ ಬಾಯಿಮುಚ್ಚಿ ಕೂತಿದ್ದ ಅರಳೆ
ಎಳೆಎಳೆಯಾಗಿ ಬಿಟ್ಟುಕೊಂಡಿತು.

ಹೊಸ ಗವಸು ತೊಡಿಸುವಾಗ
ಒಳಮೈಗೆ ಒಂದು ಮೇಣಗಪ್ಪಡ ಹೊಲಿದೆ,
ಮೇಲಿಂದ ಸವರಿದರೂ ತಿಳಿಯದ ಹಾಗೆ.
ಅದಕ್ಕೆ ದುಡ್ಡು ಹಿಡಿಯಲಿಲ್ಲ, ಹಿಡಿಯಲಿಲ್ಲ ಅಂತ ಹೇಳಲೂ ಇಲ್ಲ.
ಬೆಕ್ಕಿನ ಲೆಕ್ಕಕ್ಕೆ ಬರೆದುಕೊಂಡೆ.

ಹುಡುಗಿ ಇಷ್ಟಿಷ್ಟೇ ಹತ್ತಿರ ಬಂದಳು.
"ತಾತಾ, ಬೆಕ್ಕು... ಯಾವಾಗ ಬಿಡ್ತದೆ?"
ಮೂರು ಸೂಲು ಮರಿ ಹಾಕಿದ ಬೆಕ್ಕು.
ದಾರ ಹಲ್ಲಲ್ಲಿ ಕಡಿದೆ.

"ಬಿಡ್ತದೆ. ನಮ್ಮ ಮನೇಲೂ ಒಂದಿತ್ತು.
ನಮ್ಮವ್ವ ಬೆಳಗಿನ ಜಾವಕ್ಕೇ ಎದ್ದು
ಭಟ್ಟಿಯ ಹಿಂದೆ ಕೌದಿ ಹರವ್ತಿದ್ದಳು,
ಹೊಗೆ ಕುಡಿದರೆ ನಾತ ಹೋಗ್ತದೆ ಅಂತ.
ಹದಿಮೂರಕ್ಕೆ ತಾನೇ ನಿಂತುಹೋಯ್ತು.
ಈಗ ಸೈಕಲ್ ತುಳೀತದೆ. ಗಾದಿ ಹೊಲೀತದೆ."

ಅವಳು ನಗಲಿಲ್ಲ.
ಬೆಕ್ಕನ್ನು ಮಾತ್ರ ಕೆಳಗಿಳಿಸಿದಳು.
ಅದು ಮೈ ಕೊಡವಿ,
ಗಾದಿಯ ಕಡೆ ತಿರುಗಿಯೂ ನೋಡದೆ
ಪಕ್ಕದ ಮನೆಯ ತಾರಸಿಗೆ ಹಾರಿತು.