ಎರಡು ಬೆರಳು ಗಾಳಿ

ಪಾವಗಡದಲ್ಲಿ ಏಪ್ರಿಲ್ ಅಂದರೆ
ಕತ್ತರಿಯ ಹಿಡಿಯೂ ಸುಡುತ್ತದೆ.
ಇಸ್ತ್ರಿಪೆಟ್ಟಿಗೆಗೆ ಕೆಂಡ ಯಾಕೆ,
ಬಾಗಿಲಾಚೆ ಇಟ್ಟರೆ ಸಾಕು ಅನ್ನುತ್ತಾನೆ
ಎದುರಂಗಡಿ ಓಬಳೇಶ,
ದಿನಾ ಅದೇ ಜೋಕು, ದಿನಾ ಅವನೇ ನಗುತ್ತಾನೆ.

ಇಂಥ ಒಂದು ಮಧ್ಯಾಹ್ನ ಬಂದಳು ಮಾರಕ್ಕ.
ತಿರುಮಣಿ ಕಡೆ ಸೋಲಾರಿನಲ್ಲಿ
ಗಾಜು ಒರೆಸುವ ಕೆಲಸ.
ಕೈಚೀಲದಿಂದ ಗಂಡನ ಶರಟು ತೆಗೆದು
ನನ್ನ ಮೇಜಿನ ಮೇಲೆ ಹರವಿದಳು:
ತುಂಬುತೋಳು, ನೀಲಿ ಗೆರೆ, ಸವೆದ ಕಾಲರು.

"ಸೀರೆ ಮ್ಯಾಲೆ ಇದನ್ನೇ ಹಾಕ್ಕೊಂಡು
ಮೂರು ಬ್ಯಾಸಗೆ ಕಳೆದೆ ಕಣಕ್ಕ.
ಬೆಳಕು ಹರಿಯೋ ಮುಂಚೆ ಶುರು,
ಹನ್ನೊಂದಕ್ಕೆ ಗಾಜು ಮುಟ್ಟಾಕಾಗಲ್ಲ.
ಒರೆಸಿದ ಗಾಜು ಕನ್ನಡಿ ಇದ್ದಂಗೆ.
ದಿನಕ್ಕೆ ಸಾವಿರ ಸಲ
ನನ್ನ ಮುಖ ನಾನೇ ನೋಡ್ಕೋಬೇಕು.
ಬೆದರುಬೊಂಬೆ ಕಾಣ್ತದೆ."

ಬೆರಳು ಮಡಿಚಿ ಎಣಿಸಿದಳು:
ಮೈ ಮುಚ್ಚಬೇಕು. ಸೆಕೆ ಆಗಬಾರದು. ಚೆಂದ ಇರಬೇಕು.
"ಮೂರೂ ಒಂದೇ ಬಟ್ಟೇಲಿ ಅಂದ್ರೆ
ನಾನು ಟೈಲರಲ್ಲ, ಬ್ರಹ್ಮ ಆಗಬೇಕು" ಅಂದೆ.
"ಆಗು. ಶುಕ್ರವಾರಕ್ಕೆ ಕೊಡು" ಅಂದಳು.

ಟೈಟು ಅಂದರೇ ಫ್ಯಾಷನ್ನು ಎಂದವರಿಗೆ
ಇಪ್ಪತ್ತು ವರ್ಷ ಟೈಟಾಗಿಯೇ ಹೊಲಿದುಕೊಟ್ಟೆ.
ಮದುವೆಮನೆಯಲ್ಲಿ ಉಸಿರು ಬಿಗಿಹಿಡಿದು
ನಿಂತ ಹೆಂಗಸರನ್ನು ಕಂಡರೆ
ಇದು ನನ್ನ ಕೈಕೆಲಸ ಎಂದು ಗುರುತು ಸಿಗುತ್ತಿತ್ತು.
ಆಗ ನೆನಪಾಗುತ್ತಿದ್ದರು ಶಿರಾದ ದಸ್ತಗೀರ್ ಸಾಬರು,
ನನಗೆ ಸೂಜಿ ಹಿಡಿಸಿದವರು.
ಕುತ್ತಿಗೆಯಿಂದ ಹಿಮ್ಮಡಿಯತನಕ ಬುರ್ಖಾ ಹೊಲಿದು
ಹೊಲಿದ ಮೇಲೆ ಒಳಗೆ ಕೈ ತೂರಿಸಿ ನೋಡುತ್ತಿದ್ದರು.
"ಬಟ್ಟೆ ಯಾರು ಬೇಕಾದರೂ ಹೊಲೀತಾರೆ ಬೇಟಿ,
ನೀನು ಬಟ್ಟೆಗೂ ಮೈಗೂ ನಡುವಿನ ಗಾಳಿ ಹೊಲಿ.
ಎರಡು ಬೆರಳು. ಜಾಸ್ತಿ ಆದರೆ ಗೋಣಿಚೀಲ,
ಕಡಿಮೆ ಆದರೆ ಒಲೆ."

ಮಲ್ಲು ಬಟ್ಟೆ ತೆಗೆಸಿದೆ,
ಕಡಲೆಕಾಯಿ ಗಿಡದ ಹೂವಿನ ಹಳದಿ.
ನೀರಲ್ಲಿ ನೆನೆಸಿ, ನೆರಳಲ್ಲಿ ಆರಿಸಿ,
ಕುಗ್ಗುವುದೆಲ್ಲ ಮೊದಲೇ ಕುಗ್ಗಲಿ ಎಂದು ಕಾದೆ.
ತೋಳು ಅಗಲ, ಮಣಿಕಟ್ಟಲ್ಲಿ ನೆರಿಗೆ.
ಬಗಲಿಗೆ ಒಂದು ಚೌಕದ ತುಂಡು,
ಕೈ ಎತ್ತಿದರೆ ಅದು ಕಿಟಕಿ.
ಕತ್ತಿನ ಹಿಂದೆ ನಿಲ್ಲುವ ಕಾಲರು,
ಬೇಕೆಂದರೆ ಎತ್ತು, ಬೇಡವೆಂದರೆ ಮಡಿಚು.
ಗಂಡನ ಶರಟಿನಿಂದ ಜೇಬು ಮಾತ್ರ ಬಿಚ್ಚಿ
ಒಳಗೆ, ಎಡಕ್ಕೆ, ಕೂರಿಸಿದೆ. ಅವಳೇ ಹೇಳಿದ್ದಳು:
"ಬೀಡಿ ವಾಸನೆ ಒಗೆದ್ರೂ ಹೋಗಲ್ಲ.
ಇರಲಿ ಬಿಡು, ಬೈಕೊಂಡು ಕೆಲಸ ಮಾಡ್ತೀನಿ."
ಬದುಕಿದ್ದಾನೋ ಇಲ್ಲವೋ, ನಾನು ಕೇಳಲಿಲ್ಲ.

ಗುಂಡಿಯ ಹೊತ್ತಿಗೆ ಕರೆಂಟು ಹೋಯಿತು.
ಮಾರಕ್ಕ ಒರೆಸಿದ ಬಿಸಿಲು
ಯಾವ ಊರಿನ ಫ್ಯಾನು ತಿರುಗಿಸುತ್ತಿತ್ತೋ.
ನನ್ನದು ಕಾಲಮಿಷನ್ನು, ನಿಲ್ಲಲಿಲ್ಲ.
ರವಿಕೆಯ ಬಿಗಿ ಬೆನ್ನಿಗೆ ಅಂಟಿಕೊಂಡು
ನನ್ನದೇ ಹೊಲಿಗೆ ನನ್ನನ್ನೇ ಕಚ್ಚುತ್ತಿತ್ತು.

ಶುಕ್ರವಾರ ತೊಟ್ಟು ನೋಡಿದಳು.
ಕೈ ಎತ್ತಿದಳು, ಇಳಿಸಿದಳು,
ಒಂದು ಸುತ್ತು ತಿರುಗಿದಳು.
ತೋಳು ಉಬ್ಬಿ, ನಿಧಾನ ಇಳಿಯಿತು,
ಹಾಲು ಉಕ್ಕಿ ಕೂತ ಹಾಗೆ.
"ಒಳಗೆ ಯಾರೋ ಬೀಸಿದಂಗೆ ಐತಲ್ಲಕ್ಕ!"

ನನ್ನ ಅಂಗಡಿಯ ಕನ್ನಡಿ ಅಡ್ಡಕ್ಕೆ ಸೀಳಿದೆ,
ಅರ್ಧ ಹೆಂಗಸನ್ನಷ್ಟೇ ತೋರಿಸುತ್ತದೆ.
ನಾಚಿಕೆಯಿಂದ ಅದನ್ನು ಒರೆಸಹೋದೆ.
"ಬಿಡಕ್ಕ, ನಾಳೆ ಬೆಳಿಗ್ಗೆ ನೋಡ್ಕೋತೀನಿ,
ಎಕರೆಗಟ್ಲೆ ಕನ್ನಡಿ ಬಿದ್ದೈತೆ ಅಲ್ಲಿ"
ಎಂದು ಕಾಲರು ಎತ್ತಿ ನಿಲ್ಲಿಸಿ
ಬಿಸಿಲಿಗಿಳಿದಳು.

ಐವತ್ತು ರೂಪಾಯಿ ಬಾಕಿ ಇತ್ತು.
ಅಂಥಾ ನಡಿಗೆ ಕಂಡು ಕೇಳಲು ಬಾಯಿ ಬರಲಿಲ್ಲ.
ಇಲ್ಲ, ಸುಳ್ಳು. ಕೂಗಿ ಕೇಳಿದೆ.
ಸೋಮವಾರ ಕೊಡುತ್ತಾಳಂತೆ.